ಮೌಸ್ ಅಲ್ಲಾಡಿದರೆ ಮಾತ್ರ ಕೆಲಸವಂತೆ!

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಒಂದು ಟ್ಯಾಕ್ಸ್ ಆಫೀಸು. ಅಂಗಡಿಯವರ, ಮಿಲ್ಲಿನವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ಕೆಲಸ. ನಮ್ಮ ಸಾರ್ ಮಗ, ಅಂದರೆ ಚಿಕ್ಕ ಸಾರ್, ಬೆಂಗಳೂರಿಂದ ಬಂದಿದ್ದೇ ತಡ, ಎಲ್ಲರ ಕಂಪ್ಯೂಟರಿಗೂ ಒಂದು ಸಾಫ್ಟ್‌ವೇರ್ ಹಾಕಿಸಿದರು. ಕೀ ಎಷ್ಟು ಸಲ ಒತ್ತಿದೆವು, ಮೌಸ್ ಎಷ್ಟು ಓಡಿತು, ಯಾವ ಸೈಟ್ ತೆರೆದೆವು, ಎಲ್ಲ ಬರೆದಿಡುತ್ತದೆ. ನಡುನಡುವೆ ಸ್ಕ್ರೀನ್‌ಶಾಟ್ ಬೇರೆ. ಐದು ನಿಮಿಷ ಕೈ ನಿಂತರೆ 'ಐಡಲ್'. ಸಂಜೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರ ಹೆಸರು, ಪಕ್ಕದಲ್ಲಿ ಹಸಿರು, ಹಳದಿ, ಕೆಂಪು. ನಾವೇನು ಎಲ್‌ಕೆಜಿ ಮಕ್ಕಳಾ?

ನನ್ನದು ದಿನಾ ಕೆಂಪು. ಯಾಕೆ ಅಂತ ಕೇಳಿ. ಮಂಡ್ಯದ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಬಿಲ್ಲುಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದಲ್ಲ, ಅದನ್ನು ಪ್ರಿಂಟ್ ತೆಗೆದು ಒಂದೊಂದು ಬಿಲ್ಲಿಗೂ ಪೆನ್ನಲ್ಲಿ ಟಿಕ್ ಹಾಕಬೇಕು. ಒಂದು ಬಿಲ್ ಅದರಲ್ಲಿ ಕಾಣದಿದ್ದರೆ ಅವರಿಗೆ ಆ ತಿಂಗಳು ಆ ತೆರಿಗೆಯ ಕ್ರೆಡಿಟ್ ಇಲ್ಲ, ಅಂದರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆಯುವಂತಿಲ್ಲ. ಆಗ ಮಾಲು ಕೊಟ್ಟವರಿಗೆ ಫೋನ್ ಮಾಡಿ, "ಅಣ್ಣಾ, ನೀವಿನ್ನೂ ರಿಟರ್ನ್ ಹಾಕಿಲ್ಲ, ದಯವಿಟ್ಟು ಹಾಕಿ" ಅಂತ ಗೋಗರೆಯಬೇಕು. ಇಷ್ಟೂ ಹೊತ್ತು ಮೌಸ್ ಮುಟ್ಟುವ ಕೆಲಸವೇ ಇಲ್ಲ. ಅಂದರೆ ನಾನು ಸುಮ್ನೆ ಕೂತಿದ್ದೆ ಅಂತ ಲೆಕ್ಕ!

ಇನ್ನು 20ನೇ ತಾರೀಕು. 3ಬಿ, ಅಂದರೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್, ಹಾಕಲು ಕೊನೆಯ ದಿನ. ಪೋರ್ಟಲ್ ಸುತ್ತುತ್ತಾ ಕೂತಿರುತ್ತದೆ, ನಾವು ಅದರ ಮುಖ ನೋಡುತ್ತಾ ಕೂತಿರುತ್ತೇವೆ, ಎದ್ದು ಹೋಗುವ ಹಾಗಿಲ್ಲ, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ವರ್ಷಕ್ಕೆ ಶೇಕಡಾ 18 ಬಡ್ಡಿ, ಪಾರ್ಟಿಗಳು, ಅಂದರೆ ನಮ್ಮ ಗಿರಾಕಿಗಳು, ನಮಗೆ ಬೈಯುತ್ತಾರೆ. ಆ ಕಾಯುವಿಕೆಯೂ ಐಡಲ್.

ಹಸಿರು ಯಾರದ್ದು ಗೊತ್ತಾ? ಹೊಸದಾಗಿ ಸೇರಿದ ಹುಡುಗನದ್ದು. ಮುಳ್ಳಿನ ವಾಚ್ ಬಿಚ್ಚಿ ಮೇಜಿನ ಮೇಲಿಟ್ಟು ಅದರ ಮೇಲೆ ಮೌಸ್ ಇಡುತ್ತಾನೆ. ಸೆಕೆಂಡಿನ ಮುಳ್ಳು ಓಡಿದಂತೆ ಸ್ಕ್ರೀನ್ ಮೇಲೆ ಮೌಸಿನ ಬಾಣ ಅಲ್ಲಾಡುತ್ತದೆ. ಅವನು ಕೆಳಗೆ ಹೋಗಿ ಆರಾಮಾಗಿ ಟೀ ಕುಡಿದು ಬರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಬುದ್ಧಿವಂತ. ಆದರೆ ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಹಿರಿಯರೊಬ್ಬರಿದ್ದಾರೆ, ಏನೇ ಡೌಟ್ ಇದ್ದರೂ ಎಲ್ಲರೂ ಓಡುವುದು ಅವರ ಹತ್ತಿರವೇ. ಬೇರೆಯವರ ಮೇಜಿನ ಹತ್ತಿರ ನಿಂತು ಹೇಳಿಕೊಡುವುದರಲ್ಲೇ ಅವರ ಅರ್ಧ ದಿನ ಹೋಗುತ್ತದೆ. ಚಿಕ್ಕ ಸಾರ್ ಅವರನ್ನು ಕರೆದು, "ಏನ್ ಸಾರ್, ವಯಸ್ಸಾಯ್ತಾ?" ಅಂದರಂತೆ. ಈ ಮಾತು ಆಡಲು ನಾಲಿಗೆ ಹೇಗೆ ಬಂತೋ!

ಸ್ಕ್ರೀನ್‌ಶಾಟ್ ವಿಷಯ ಇನ್ನೂ ಕೆಟ್ಟದ್ದು. ಊಟದ ಹೊತ್ತಲ್ಲಿ ಒಬ್ಬ ಮೇಡಂ ಮಗುವಿನ ಬ್ಲಡ್ ರಿಪೋರ್ಟ್ ತೆರೆದಿದ್ದರು. ಅದೂ ಫೋಟೋ ಆಗಿ ಚಿಕ್ಕ ಸಾರ್ ಕಂಪ್ಯೂಟರಿಗೆ ಹೋಯಿತು. ಪಾರ್ಟಿಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೂ ಹೀಗೇ ಅಲ್ಲಿ ಸೇರುತ್ತಿವೆ, ಪಾಪ ಅವರಿಗೆ ಇದು ಗೊತ್ತೇ ಇಲ್ಲ.

ಕಾನೂನು ಇಲ್ವಾ ಅಂತೀರಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಜನರ ವೈಯಕ್ತಿಕ ಮಾಹಿತಿ ಕಾಯಲು ಮಾಡಿದ 2023ರ ಡೇಟಾ ಕಾಯ್ದೆ ನೋಡಿ, ಕೆಲಸಕ್ಕೆ ಸಂಬಂಧಪಟ್ಟ ಉದ್ದೇಶಕ್ಕೆ ಅಂದರೆ ನೌಕರರ ಒಪ್ಪಿಗೆ ಬೇಕಿಲ್ಲ ಅಂತ ಅದರಲ್ಲೇ ಬಾಗಿಲು ಬಿಟ್ಟಿದ್ದಾರೆ. ಫ್ರಾನ್ಸ್‌ನಲ್ಲಿ ಹೀಗೇ ಮೌಸ್ ನಿಂತಿದ್ದನ್ನು ಎಣಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 2024ರಲ್ಲಿ 40,000 ಯೂರೋ ದಂಡ ಹಾಕಿದರು. ಇಲ್ಲಿ? ಕೆಂಪು ಬಂದರೆ ನಮ್ಮ ಇನ್ಸೆಂಟಿವ್ ಕಟ್.

ಬರುವ 20ಕ್ಕೆ ಪೋರ್ಟಲ್ ನಿಂತರೆ ನಾನೂ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತೇನೆ, ಐದೈದು ನಿಮಿಷಕ್ಕೆ ಒಂದು. ನೋಡಲಿ, ಅದಕ್ಕೆ ಯಾವ ಬಣ್ಣ ಕೊಡುತ್ತಾರೋ.