ಹಾರ್ಟ್ ಅಟ್ಯಾಕ್ ಆದರೆ ನಿಭಾಯಿಸಬಹುದು, ಬಿಪಿ ಮಾತ್ರೆ ಮುಗಿದರೆ ಕಷ್ಟ

ಜರ್ಮನಿಯಲ್ಲಿ ಭಾನುವಾರ ಔಷಧದಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಸರದಿಯ ಮೇಲೆ ಅಲ್ಲೊಂದು ಇಲ್ಲೊಂದು ಅಂಗಡಿ ಕೆಲಸದಲ್ಲಿರುತ್ತದೆ, ಅದರ ವಿಳಾಸವನ್ನು ಉಳಿದ ಅಂಗಡಿಗಳ ಬಾಗಿಲಿಗೆ ಅಂಟಿಸಿರುತ್ತಾರೆ. ಹುಡುಕಿಕೊಂಡು ಹೋಗಿ ಗಂಟೆ ಒತ್ತಿದರೂ ಬಾಗಿಲು ತೆರೆಯುವುದಿಲ್ಲ, ಅದರೊಳಗಿನ ಒಂದು ಕಿಂಡಿ ತೆರೆಯುತ್ತದೆ. ಊರಿಂದ ಬಂದ ಅಮ್ಮನ ಬಿಪಿಯ ಟೆಲ್ಮಿಸಾರ್ಟನ್ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ, 'ನಾಲ್ಕೇ ನಾಲ್ಕು ಕೊಡಿ, ನಾಳೆ ಡಾಕ್ಟರ ಚೀಟಿ ತರ್ತೀವಿ' ಎಂದು ಕೇಳಿಕೊಂಡರೆ ಒಳಗಿಂದ ಬರುವ ಉತ್ತರ ಒಂದೇ: ಆಗುವುದಿಲ್ಲ. ಧ್ವನಿಯಲ್ಲಿ ಸಿಟ್ಟಿಲ್ಲ, ಕರುಣೆಯೂ ಇಲ್ಲ. ಉಡುಪಿಯ ಕಿಂಡಿಯ ಹಾಗೆ ಇದು ಭಕ್ತಿಗೆ ಒಲಿಯುವಂಥದ್ದಲ್ಲ. ಚೀಟಿ ಇದ್ದವರಿಗೂ ಹೊತ್ತಲ್ಲದ ಹೊತ್ತಿಗೆ ಬಂದದ್ದಕ್ಕೆ 2.50 ಯೂರೋ ಹೆಚ್ಚುವರಿ.

ಅದೇ ಅಮ್ಮ ಎದೆ ಹಿಡಿದುಕೊಂಡು ಬೆವರುತ್ತಿದ್ದರೆ ಇದೇ ದೇಶದ ನಡವಳಿಕೆ ಬೇರೆ. 112ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಎದೆನೋವು ಅಂದರೆ ಇನ್ನೊಂದು ಗಾಡಿಯಲ್ಲಿ ತುರ್ತು ವೈದ್ಯರೂ ಬರುತ್ತಾರೆ. ಎಮರ್ಜೆನ್ಸಿ ವಿಭಾಗದಲ್ಲಿ ರೋಗಿಗಳನ್ನು ಬಂದ ಸರದಿಯಲ್ಲಿ ನೋಡುವುದಿಲ್ಲ, ರೋಗದ ತೀವ್ರತೆ ನೋಡಿ ಕರೆಯುತ್ತಾರೆ. ಮ್ಯಾಂಚೆಸ್ಟರ್ ಪದ್ಧತಿ ಅನುಸರಿಸುವ ಆಸ್ಪತ್ರೆಗಳಲ್ಲಿ ಐದು ಬಣ್ಣ: ಕೆಂಪಾದರೆ ತಕ್ಷಣ, ಕಿತ್ತಳೆಗೆ 10 ನಿಮಿಷ, ಹಳದಿಗೆ 30, ಹಸಿರಿಗೆ 90, ನೀಲಿಗೆ 120. ಹಸಿರು, ನೀಲಿಯವರು ಗಂಟೆಗಟ್ಟಲೆ ಕಾದು ಬೇಸತ್ತು ಎದ್ದು ಹೋಗುವುದೂ ಉಂಟು. ಆದರೆ ಜೀವಕ್ಕೆ ಅಪಾಯ ಇರುವಾಗ 'ಮೊದಲು ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಬನ್ನಿ' ಎಂಬ ಮಾತು ಬರುವುದಿಲ್ಲ. ದುಡ್ಡಿನ ಲೆಕ್ಕ ಆಮೇಲೆ.

ದೊಡ್ಡದಕ್ಕೆ ಇಲ್ಲಿಯವರು ಚೆನ್ನ, ಸಣ್ಣದಕ್ಕೆ ನಮ್ಮೂರೇ ವಾಸಿ ಅಂತ ನನಗನ್ನಿಸುವುದು ಇದಕ್ಕೇ. ಮಗ-ಮಗಳ ಮನೆಗೆಂದು ಬೇಸಿಗೆಯಲ್ಲಿ ಬರುವ ಅಪ್ಪ-ಅಮ್ಮಂದಿರಿಗೆ ಕಾಡುವುದು ಬಹುಪಾಲು ಸಣ್ಣವೇ. ಮಾತ್ರೆ ಮುಗಿಯಿತು, ಮೂತ್ರದಲ್ಲಿ ಉರಿ, ಸಕ್ಕರೆ ಏರಿತು, ಹಲ್ಲು ನೋವು.

ಹಾಸನದಲ್ಲೋ ದಾವಣಗೆರೆಯಲ್ಲೋ ಇವಕ್ಕೆಲ್ಲ ಒಂದು ಸಂಜೆ ಸಾಕು. ಏಳಕ್ಕೆ ಕ್ಲಿನಿಕ್ಕಿನಲ್ಲಿ ಟೋಕನ್, ಪಕ್ಕದಲ್ಲೇ ಲ್ಯಾಬು, ರಿಪೋರ್ಟು ವಾಟ್ಸಾಪಿಗೆ, ಮೆಟ್ಟಿಲಿಳಿದರೆ ಮೆಡಿಕಲ್ಸ್. ಜರ್ಮನಿಯಲ್ಲಿ ಇವೆಲ್ಲ ಬೇರೆ ಬೇರೆ ಬಾಗಿಲುಗಳು, ಒಂದೊಂದಕ್ಕೂ ಅದರದೇ ಹೊತ್ತು. ಕುಟುಂಬ ವೈದ್ಯರಲ್ಲಿ ಅನೇಕರು ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚುತ್ತಾರೆ. ಹೊಸ ರೋಗಿಯನ್ನು ತೆಗೆದುಕೊಳ್ಳುವುದಿಲ್ಲ ಎಂದು ಫೋನಿನಲ್ಲೇ ಹೇಳಿಬಿಡುವವರೂ ಇದ್ದಾರೆ. ಅದಕ್ಕೇ ಫೋನ್ ಎತ್ತಿದ ಕೂಡಲೇ ಮೊದಲ ವಾಕ್ಯದಲ್ಲೇ 'ಪ್ರವಾಸಿ, ದುಡ್ಡು ನಾವೇ ಕೊಡುತ್ತೇವೆ' ಎಂದುಬಿಡಬೇಕು. 'ಜೆಲ್ಬ್‌ಸ್ಟ್‌ತ್ಸಾಲರ್' ಅಂದರೆ ಸಾಕು, ಅವರಿಗೆ ತಿಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನೇರವಾಗಿ ಹೋಗಿ ನಿಂತರೆ ಅವಕಾಶ ಇನ್ನೂ ಹೆಚ್ಚು. ಕ್ಲಿನಿಕ್ ಮುಚ್ಚಿದ ಮೇಲೆ, ಆದರೆ 112 ಕರೆಯುವಷ್ಟು ಗಂಭೀರವಲ್ಲದ್ದಕ್ಕೆ 116117. ಇದು ದೇಶಕ್ಕೆಲ್ಲ ಒಂದೇ ಸಂಖ್ಯೆ, ಉಚಿತ. ಪಾಳಿಯ ವೈದ್ಯರು ಎಲ್ಲಿ ಕೂತಿದ್ದಾರೆಂದು ಹೇಳುತ್ತಾರೆ. ಮಾತ್ರೆ ಮುಗಿದ ಭಾನುವಾರ ಮಾಡಬೇಕಾದದ್ದೂ ಇದೇ: ಮೊದಲು 116117, ಅವರು ಬರೆದ ಚೀಟಿ ಹಿಡಿದು ಆಮೇಲೆ ಕಿಂಡಿ. ಈ ಕ್ರಮ ತಿಳಿಯದವರು ಸೀದಾ ಎಮರ್ಜೆನ್ಸಿಗೆ ಹೋಗಿ ನೀಲಿ ಬಣ್ಣ ಹಚ್ಚಿಸಿಕೊಂಡು ಕೂರುತ್ತಾರೆ.

ಪ್ರವಾಸಿಗೆ ಬರೆದುಕೊಡುವುದು ನೀಲಿ ಬಣ್ಣದ ಖಾಸಗಿ ಚೀಟಿ, ಸಾಮಾನ್ಯವಾಗಿ ಮೂರು ತಿಂಗಳು ನಡೆಯುತ್ತದೆ. ಇಲ್ಲಿ ಸ್ಟ್ರಿಪ್ ಕತ್ತರಿಸುವ ಪದ್ಧತಿ ಇಲ್ಲ, ಇಡೀ ಡಬ್ಬಿಯನ್ನೇ ಕೊಳ್ಳಬೇಕು. ಡಬ್ಬಿಗಳು ಮೂರು ಅಳತೆಯವು: ಎನ್1, ಎನ್2, ಎನ್3. ಬಿಪಿ ಮಾತ್ರೆ ಅಂದರೆ ವೈದ್ಯರು ರೂಢಿಯಂತೆ ದೊಡ್ಡ ಎನ್3 ಬರೆದುಬಿಡುತ್ತಾರೆ. ಎರಡು ವಾರದಲ್ಲಿ ಊರಿಗೆ ಹೊರಡುವವರು ಎನ್1 ಸಾಕು ಎಂದು ಬಾಯಿಬಿಟ್ಟು ಕೇಳಬೇಕು. ಚೀಟಿಯಿಲ್ಲದೆ ಸಿಗುವುದಕ್ಕೂ ಮಿತಿಯಿದೆ. ಪ್ಯಾರಾಸಿಟಮಾಲ್ 500 ಮಿ.ಗ್ರಾಂನ 20 ಮಾತ್ರೆಯ ಡಬ್ಬಿ, ಆಸಿಡಿಟಿಯ ಪ್ಯಾಂಟೊಪ್ರಜೋಲ್ ಆದರೆ 20 ಮಿ.ಗ್ರಾಂನ 14 ಮಾತ್ರೆ. ನಮ್ಮವರು ಬೆಳಗೆದ್ದು ಕಾಫಿಗೆ ಮುಂಚೆ ನುಂಗುವ 40ರದ್ದಕ್ಕೆ ವೈದ್ಯರ ಸಹಿ ಬೇಕು.

'ಕೊರಿಯರ್ ಮಾಡಿಸಿಬಿಡೋಣ' ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಯುರೋಪಿಯನ್ ಒಕ್ಕೂಟದ ಹೊರಗಿಂದ ಖಾಸಗಿಯವರು ಅಂಚೆಯಲ್ಲಿ ಔಷಧ ತರಿಸುವಂತಿಲ್ಲ, ಕಸ್ಟಮ್ಸ್‌ನವರು ತಡೆದು ನಿಲ್ಲಿಸುತ್ತಾರೆ. ಕೈಯಲ್ಲಿ ತಂದುಕೊಂಡರೆ ಮಾತ್ರ ಸ್ವಂತ ಬಳಕೆಗೆ ಸುಮಾರು ಮೂರು ತಿಂಗಳಿಗಾಗುವಷ್ಟಕ್ಕೆ ಅಡ್ಡಿಯಿಲ್ಲ. ಷೆಂಗೆನ್ ವೀಸಾದಲ್ಲಿ ಇರಬಹುದಾದದ್ದೂ 180 ದಿನದಲ್ಲಿ 90 ದಿನವೇ, ಹಾಗಾಗಿ ಲೆಕ್ಕ ಹೊಂದುತ್ತದೆ. ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುಂಚೆಯೇ ಪೂರ್ತಿ ತರಬೇಕು, ಅದನ್ನೂ ಹ್ಯಾಂಡ್ ಬ್ಯಾಗಿನಲ್ಲಿ. ಅಲ್ಪ್ರಜೋಲಮ್, ಕ್ಲೊನಜೆಪಾಮ್‌ನಂಥ ನಿದ್ರೆ-ಆತಂಕದ ಮಾತ್ರೆಗಳಾದರೆ 30 ದಿನದ್ದನ್ನು ಮೀರದಿರುವುದು ಮತ್ತು ವೈದ್ಯರ ಪತ್ರ ಜೊತೆಗಿರುವುದು ಕ್ಷೇಮ. ಬ್ರಾಂಡಿನ ಹೆಸರು ಇಲ್ಲಿ ಯಾರಿಗೂ ಅರ್ಥವಾಗದು. ಶುಗರಿನ ಗ್ಲೈಕೋಮೆಟ್ ಜಿಪಿ 1 ಎಂದರೆ ಪಿಳಿಪಿಳಿ ನೋಡುತ್ತಾರೆ, ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಎಂದರೆ ತಕ್ಷಣ ತಿಳಿಯುತ್ತದೆ. ಊರಿನ ಡಾಕ್ಟರ ಬಳಿ ಮೂಲ ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನು ಟೈಪ್ ಮಾಡಿಸಿ ಸಹಿ ಹಾಕಿಸಿಕೊಂಡು ಬರುವುದು ಒಳ್ಳೆಯದು. ಕೈಬರಹದ್ದು ಬೇಡ, ಅದನ್ನು ಊರಿನ ಮೆಡಿಕಲ್ಸ್‌ನವನು ಮಾತ್ರ ಓದಬಲ್ಲ.

ಇನ್ಸುಲಿನ್ ವಿಷಯ ಬಲು ಎಚ್ಚರದ್ದು. ನಮ್ಮಲ್ಲಿ ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆ. ಇಲ್ಲಿ ಸಾಮಾನ್ಯವಾಗಿ ಕೊಡುವುದು 100 ಯೂನಿಟ್‌ನದು. ಊರಿನ ಸಿರಿಂಜಿನಲ್ಲಿ ಇಲ್ಲಿಯ ಇನ್ಸುಲಿನ್ ಎಳೆದು 20ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಲು ಇಷ್ಟು ಸಾಕು. ಊರಿನ ಬಾಟಲಿಗೆ ಊರಿನದೇ ಸಿರಿಂಜ್, ಇಲ್ಲಿಯದಕ್ಕೆ ಇಲ್ಲಿಯದೇ. ಪೆನ್ ಬಳಸುವವರಿಗೆ ಈ ತಾಪತ್ರಯವಿಲ್ಲ, ಅಲ್ಲೂ ಇಲ್ಲೂ ಕಾರ್ಟ್ರಿಜ್ 100ರದ್ದೇ ಹೆಚ್ಚು. ಚೆಕ್-ಇನ್ ಲಗೇಜಿನಲ್ಲಿ ಹಾಕಿದರೆ ಹೆಪ್ಪುಗಟ್ಟುವ ಅಪಾಯವಿದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಹಾಂ, ಇಲ್ಲಿಯ ಕೆಲವು ಲ್ಯಾಬುಗಳು ಸಕ್ಕರೆಯನ್ನು ಮಿಲಿಮೋಲ್‌ನಲ್ಲಿ ಕೊಡುತ್ತವೆ. 7 ಎಂದು ಕಂಡರೆ ಗಾಬರಿ ಬೇಡ, 18ರಿಂದ ಗುಣಿಸಿದರೆ ನಮ್ಮ 126.

ವಿಮೆಯ ಕತೆಯೂ ಇದೇ ದಾರಿ. ವೀಸಾಕ್ಕೆಂದು ಮಾಡಿಸುವ 30,000 ಯೂರೋ ಪಾಲಿಸಿ ಇರುವುದು ತುರ್ತು ಚಿಕಿತ್ಸೆ, ಆಸ್ಪತ್ರೆವಾಸ, ಊರಿಗೆ ಮರಳಿ ಸಾಗಿಸುವುದು ಇಂಥವಕ್ಕೆ. ಮೊದಲೇ ಇದ್ದ ಬಿಪಿ-ಶುಗರಿಗೆ ಮಾತ್ರೆ ಬರೆಸಿಕೊಂಡದ್ದಕ್ಕೆ ಸಾಮಾನ್ಯವಾಗಿ ಏನೂ ಬರುವುದಿಲ್ಲ, ಜೀವಕ್ಕೆ ಅಪಾಯ ಒದಗಿದಾಗ ಮಾತ್ರ ಕೆಲವು ಪಾಲಿಸಿಗಳು ಇಷ್ಟಿಷ್ಟು ಅಂತ ಕೊಡುತ್ತವೆ. ಹಲ್ಲಿಗೆ ನೋವು ತಗ್ಗಿಸುವಷ್ಟೇ. ಎಲ್ಲದರ ಮೇಲೂ ಮೊದಲ ಇಷ್ಟು ಡಾಲರ್ ನಿಮ್ಮದು ಎಂಬ ಕಡಿತ, ಅನೇಕ ಸಲ 100 ಡಾಲರ್. ಸಣ್ಣ ಬಿಲ್ಲು ಅದರೊಳಗೇ ಕರಗಿಹೋಗುತ್ತದೆ. ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ಪಾಲಿಸಿಯ ಮೇಲಿನ ಸಹಾಯವಾಣಿಗೆ ಮೊದಲ ದಿನವೇ ತಿಳಿಸದಿದ್ದರೆ ಮುಂದೆ ತಕರಾರು ತಪ್ಪದು.

ಇಷ್ಟೆಲ್ಲ ದೂರಿದ ಮೇಲೆ ಒಪ್ಪಲೇಬೇಕಾದ ಒಂದೆರಡು ಮಾತಿವೆ. ನಮ್ಮ ಮೂಲೆಯ ಮೆಡಿಕಲ್ಸ್ ಉದಾರವಾಗಿ ಕೊಡುವುದರಲ್ಲಿ ಅಜಿತ್ರೋಮೈಸಿನ್ನೂ ಸೇರಿದೆ, ಮೂರು ಮಾತ್ರೆ, ನೆಗಡಿಗೆ. 2014ರಿಂದ ಹಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಎಚ್1 ಪಟ್ಟಿಗೆ ಸೇರಿಸಿ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂದು ಕಾನೂನು ಮಾಡಿದ್ದೇ ಈ ಔದಾರ್ಯ ಮಿತಿಮೀರಿತೆಂದು. ಕತ್ತರಿಸಿ ಕೊಟ್ಟ ಅರ್ಧ ಸ್ಟ್ರಿಪ್ಪಿನಲ್ಲಿ ಹೆಸರೂ ಇಲ್ಲದೆ ಅವಧಿ ಮುಗಿಯುವ ತಿಂಗಳೂ ಇಲ್ಲದೆ ಬರೀ ಬೆಳ್ಳಿ ಹಾಳೆ ಉಳಿದಿರುತ್ತದೆ. ಕಿಂಡಿಯೊಳಗಿನಾಕೆ 'ಇದು ಯಾವ ಮಾತ್ರೆ' ಎಂದು ಕೇಳಿದರೆ ತಪ್ಪು ಯಾರದು?

ದುಡ್ಡಿನ ಮಾತಿನಲ್ಲೂ ಜರ್ಮನಿಯವರನ್ನು ಮೆಚ್ಚಬೇಕು. ವೈದ್ಯರ ಖಾಸಗಿ ಶುಲ್ಕಕ್ಕೆ ಸರ್ಕಾರದ್ದೇ ದರಪಟ್ಟಿಯಿದೆ, 1982ರದ್ದು, ಆಮೇಲೆ ಅಲ್ಲಲ್ಲಿ ತಿದ್ದಿದ್ದು. ಸರಳ ಸಮಾಲೋಚನೆಗೆ 4.66 ಯೂರೋ, ರೂಢಿಯ 2.3 ಪಟ್ಟು ಹಾಕಿದರೆ ಹತ್ತೂಮುಕ್ಕಾಲರ ಹತ್ತಿರ. ಇಸಿಜಿ 1.8 ಪಟ್ಟಿಗೆ ಇಪ್ಪತ್ತಾರೂವರೆ. ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆ ಲೆಕ್ಕದ ಪರೀಕ್ಷೆ ಹದಿಮೂರೂವರೆಯೊಳಗೆ. ಪರೀಕ್ಷೆಗಳು ಒಂದರ ಮೇಲೊಂದು ಸೇರಿ ಬಿಲ್ಲು ಬೆಳೆಯುತ್ತದೆ, ನಿಜ. ಆದರೆ ಪ್ರತಿ ಸಾಲಿಗೂ ಸಂಖ್ಯೆಯಿರುತ್ತದೆ, ಆಯಾ ಸಾಲಿನ ರೂಢಿಯ ಪಟ್ಟು ಮೀರಿದರೆ ಕಾರಣ ಬರೆಯಬೇಕು. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಬಿಲ್ಲನ್ನು ಹೀಗೆ ಸಾಲುಸಾಲಾಗಿ ಓದಿ ಅರ್ಥ ಮಾಡಿಕೊಂಡವರು ಇದ್ದರೆ ಅವರಿಗೆ ನನ್ನ ನಮಸ್ಕಾರ.

ಆ ಬಿಲ್ಲು ಅಂಚೆಯಲ್ಲಿ ನಿಧಾನಕ್ಕೆ ಬರುತ್ತದೆ, ಅಷ್ಟರಲ್ಲಿ ಅಪ್ಪ-ಅಮ್ಮ ಊರು ಸೇರಿರುತ್ತಾರೆ. ಹೊರಡುವ ಮುಂಚೆಯೇ ಕ್ಲಿನಿಕ್ಕಿನಲ್ಲಿ ಕೇಳಿ, ರೋಗದ ಹೆಸರೂ ಕೋಡೂ ಇರುವ ಬಿಲ್ಲನ್ನು ಕೈಯಲ್ಲೇ ಪಡೆಯಬೇಕು. ನೀಲಿ ಚೀಟಿಯ ಪ್ರತಿ, ಔಷಧದ ರಸೀದಿ, ಬೋರ್ಡಿಂಗ್ ಪಾಸ್ ಎಲ್ಲ ಜೊತೆಗಿರಲಿ. 2025ರ ಅಕ್ಟೋಬರಿನಿಂದ ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟಿನ ಮೊಹರಿನ ಬದಲಿಗೆ ಡಿಜಿಟಲ್ ನೋಂದಣಿ ಹಂತಹಂತವಾಗಿ ಬಂದಿರುವುದರಿಂದ, ಬಂದ ದಿನಕ್ಕೆ ಸಾಕ್ಷಿಯಾಗಿ ವಿಮೆ ಕ್ಲೇಮಿನವರಿಗೆ ತೋರಿಸಲು ಉಳಿಯುವುದು ಆ ಬೋರ್ಡಿಂಗ್ ಪಾಸೇ.