ಎಂಟು ಟಿಬಿ ಡಿಸ್ಕು, ಏಳೂಕಾಲು ಟಿಬಿ ಜಗಳ

ಮದುವೆ ಫೋಟೋ ಸ್ಟುಡಿಯೋದವರಿಗೆ ಬ್ಯಾಕಪ್ ಸರ್ವರ್ ನೆನಪಾಗುವುದು ಸೀಸನ್ ಮುಗಿದ ಮೇಲೆ. ಡಿಸ್ಕು ತಂದ ದಿನವೇ ಅಂಗಡಿಗೆ ಫೋನು ಹೋಗುತ್ತದೆ.

"ಏನ್ ಸಾರ್, ಎಂಟು ಟಿಬಿಗೆ ದುಡ್ಡು ಈಸ್ಕೊಂಡು ಏಳೂಕಾಲು ಕೊಟ್ಟಿದ್ದೀರಲ್ಲ?"

"ಕಂಪನಿಯವರೇ ಹಂಗೆ ಸಾರ್, ನಮ್ದೇನಿಲ್ಲ."

ಅಂಗಡಿಯವನ ಮಾತು ಈ ಒಂದು ಸಲ ಪೂರ್ತಿ ನಿಜ. ತಯಾರಕರು ಸಾವಿರದ ಲೆಕ್ಕದಲ್ಲಿ ಎಂಟು ಅನ್ನುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಭಾಗಿಸಿ 7.28 ತೋರಿಸುತ್ತದೆ. ಜಗಳ ಇಲ್ಲಿಗೇ ಮುಗಿಯುವುದಿಲ್ಲ. ಲಿನಕ್ಸ್ ಸರ್ವರಿನಲ್ಲಿ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಕಿ ಫಾರ್ಮ್ಯಾಟ್ ಮಾಡಿದರೆ ಇನ್ನೂ 5% ಕಾಣೆ. ಅದು ರೂಟ್ (ಸರ್ವರಿನ ಸರ್ವಾಧಿಕಾರಿ ಖಾತೆ) ಎಂಬ ಯಜಮಾನರಿಗೆ ಮೀಸಲು. ಡಿಸ್ಕು ತುಂಬಿ ತುಳುಕಿದರೂ ಸಿಸ್ಟಮ್ ಉಸಿರಾಡಲಿ ಅಂತ ಇಟ್ಟ ಜಾಗ, ಎಂಟು ಟಿಬಿಯಲ್ಲಿ ಸುಮಾರು 400 ಜಿಬಿ. ಬರೀ ಬ್ಯಾಕಪ್ ಇಡುವ ಡಿಸ್ಕಿನಲ್ಲಿ ಯಜಮಾನರಿಗೆ ಅಷ್ಟು ದೊಡ್ಡ ಕೋಣೆ ಬೇಡ. ಟ್ಯೂನ್2ಎಫ್‌ಎಸ್ ಎಂಬ ಕಮಾಂಡಿಗೆ ಮೈನಸ್ ಎಂ 1 (ಮೀಸಲು 1% ಸಾಕು) ಅಂತ ಕೊಟ್ಟರೆ 320 ಜಿಬಿ ವಾಪಸ್ಸು ಬರುತ್ತದೆ, ಒಳಗಿನ ಫೈಲಿಗೆ ಏನೂ ಆಗುವುದಿಲ್ಲ.

ಆಮೇಲೆ ಸಲಹೆಗಾರರು ಬರುತ್ತಾರೆ. ಮೈಸೂರಿನ ಸರಸ್ವತಿಪುರಂನಲ್ಲಿ ಕಾಫಿ ಕುಡಿಯುತ್ತ ನಿಂತವರಿಗೆಲ್ಲ ಫೈಲ್ ಸಿಸ್ಟಮ್ ಬಗ್ಗೆ ಒಂದೊಂದು ಅಭಿಪ್ರಾಯ ಇರುತ್ತದೆ, ಎಲ್ಲರ ವಾದವೂ ಸ್ಪೀಡಿನ ಮೇಲೆ. "ಎಕ್ಸ್‌ಎಫ್‌ಎಸ್ ಹಾಕ್ಸಿ ಗುರು, ಬಾಣ ಬಿಟ್ಟಂಗೆ ಹೋಗುತ್ತೆ." ಹೋಗಲಿ, ಆದರೆ ಎಲ್ಲಿಗೆ? ಸ್ಟುಡಿಯೋದಲ್ಲಿರುವುದು ಗಿಗಾಬಿಟ್ ನೆಟ್‌ವರ್ಕ್. ಅದರಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 110 ಎಂಬಿ. ಈಗಿನ ಒಂದು ದೊಡ್ಡ ಡಿಸ್ಕೇ ವಿಡಿಯೋದಂಥ ಫೈಲನ್ನು ಅದಕ್ಕಿಂತ ಬೇಗ ಬರೆಯುತ್ತದೆ. ಎರಡು ಟಿಬಿ ಕಳಿಸಲು ಯಾವ ಫೈಲ್ ಸಿಸ್ಟಮ್ ಆದರೂ ಐದು ಗಂಟೆ. ಬ್ಯಾಕಪ್ ನಡೆಯುವುದು ರಾತ್ರಿ ಹೊತ್ತು, ಆ ಐದು ಗಂಟೆಯನ್ನು ನಾಲ್ಕೂವರೆ ಮಾಡಿ ಯಾರನ್ನು ಬೇಗ ಎಬ್ಬಿಸಬೇಕು?

ಕೇಳಬೇಕಾದ್ದು ಬೇರೆ. ಫೈಲು ಒಳಗೊಳಗೇ ಕೆಟ್ಟರೆ ಈ ಫೈಲ್ ಸಿಸ್ಟಮ್ ಬಾಯಿಬಿಟ್ಟು ಹೇಳುತ್ತದೆಯೇ? ಯಾರೋ ಅಳಿಸಿದ್ದನ್ನು ನಿನ್ನೆಯ ಸ್ಥಿತಿಗೆ ತಂದುಕೊಡುತ್ತದೆಯೇ?

ಕೆಡುವುದು ಅಂದರೆ ಹೇಗೆ ಅಂತ ನೋಡಿ. ಜೆಪೆಗ್ ಫೋಟೋದ ಮಧ್ಯೆ ಎಲ್ಲೋ ಒಂದು ಬಿಟ್ ತಿರುಗಿದೆ, ಸೊನ್ನೆ ಇದ್ದದ್ದು ಒಂದಾಗಿದೆ. ಫೈಲಿನ ಹೆಸರು ಅದೇ, ಸೈಜು ಅದೇ, ತಾರೀಕು ಅದೇ. ತೆರೆದರೆ ಧಾರೆ ಎರೆಯುವ ಫೋಟೋದಲ್ಲಿ ಮಾವನವರ ಮೂಗಿನವರೆಗೆ ಎಲ್ಲ ಸರಿಯಿದೆ. ಮೂಗಿನಿಂದ ಕೆಳಗೆ ಮಾವ, ಮಗಳು, ಅಳಿಯ, ಕಲಶ ಎಲ್ಲವೂ ನೇರಳೆ. ಇಂಥದ್ದು ಕೆಟ್ಟ ರ್‍ಯಾಮ್, ಕಂಟ್ರೋಲರ್, ಡಿಸ್ಕಿನ ಫರ್ಮ್‌ವೇರ್‌ಗಳಿಂದ ಸದ್ದಿಲ್ಲದೆ ಆಗಬಹುದು. 2008ರಲ್ಲಿ ಲಿನಕ್ಸ್‌ನ ಒಳತಿರುಳಾದ ಕರ್ನೆಲ್‌ನಲ್ಲಿ ಸ್ಥಿರ ಅನ್ನಿಸಿಕೊಂಡ ಇಎಕ್ಸ್‌ಟಿ4, 1993ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನವರು ಮಾಡಿದ ಎಕ್ಸ್‌ಎಫ್‌ಎಸ್, ಎರಡೂ ಗಟ್ಟಿಮುಟ್ಟಾದವು. ಆದರೆ ಅವು ಚೆಕ್‌ಸಮ್ (ಡೇಟಾ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುವುದು ತಮ್ಮ ಲೆಕ್ಕಪತ್ರಕ್ಕೆ ಮಾತ್ರ, ನಿಮ್ಮ ಮಾವನವರಿಗಲ್ಲ. ಕಾಪಿ ಮಾಡುವ ಆರ್‌ಸಿಂಕ್ ಕಮಾಂಡು ಕೂಡ ಮಾಮೂಲಾಗಿ ಸೈಜು, ತಾರೀಕು ನೋಡಿ "ಎಲ್ಲ ಸರಿಯಿದೆ" ಅಂತ ಮುಂದೆ ಹೋಗುತ್ತದೆ. ಹೊಸ ಡಿಸ್ಕಿಗೆ ಪೂರ್ತಿ ಕಾಪಿ ಮಾಡಿದರೆ ನೇರಳೆ ಮಾವನವರೇ ಭಕ್ತಿಯಿಂದ ಅಲ್ಲಿಗೂ ಬರುತ್ತಾರೆ. ಎಕ್ಸ್‌ಎಫ್‌ಎಸ್‌ನಲ್ಲಿ ಇನ್ನೊಂದು: ಹಿಗ್ಗಿಸಬಹುದು, ಕುಗ್ಗಿಸುವುದು ಹೆಚ್ಚುಕಡಿಮೆ ಆಗದ ಕೆಲಸ.

ಇದಕ್ಕೇ ಇರುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನವರು ಇದರ ಮೂಲ ಕೋಡನ್ನು 2005ರಲ್ಲಿ ಬಿಚ್ಚಿಟ್ಟರು. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಉಂಟು. ಎರಡು ಡಿಸ್ಕಿನ ಮಿರರ್ (ಎರಡರಲ್ಲೂ ಅದೇ ಪ್ರತಿ) ಇದ್ದರೆ ಕೆಟ್ಟ ಬ್ಲಾಕನ್ನು ಪಕ್ಕದ ಡಿಸ್ಕಿನಿಂದ ತಂದು ತಾನೇ ಸರಿಮಾಡುತ್ತದೆ. ಆದರೆ ಓದಿದಾಗ ತಾನೇ ಕೆಟ್ಟದ್ದು ಗೊತ್ತಾಗುವುದು? ಮಂಡ್ಯದ ಕಡೆ ಭತ್ತವನ್ನು ಆಗಾಗ ಅಂಗಳಕ್ಕೆ ಹರಡಿ ಹುಳ ನೋಡುವ ಹಾಗೆ, ತಿಂಗಳಿಗೊಮ್ಮೆ ಸ್ಕ್ರಬ್ ಓಡಿಸಬೇಕು. ಅದು ಇಟ್ಟ ಅಷ್ಟೂ ಡೇಟಾ ಓದುತ್ತದೆ, ಝಡ್‌ಪೂಲ್ ಸ್ಟೇಟಸ್ ಎಂಬ ಕಮಾಂಡಿನಲ್ಲಿ ವರದಿ ಕೊಡುತ್ತದೆ. ಆ ವರದಿ ಯಾರ ಮೇಲ್‌ಗೂ ಹೋಗದಿದ್ದರೆ ಸ್ಕ್ರಬ್ ಮಾಡಿದ ಪುಣ್ಯ ಮಾತ್ರ ಬರುತ್ತದೆ.

ಪೂಲ್ (ಝಡ್‌ಎಫ್‌ಎಸ್ ಒಂದಾಗಿ ನೋಡುವ ಡಿಸ್ಕುಗಳ ಗುಂಪು) ಕಟ್ಟುವಾಗಲೇ ಆಶಿಫ್ಟ್ 12 ಕೊಡಿ. ಇದು 4ಕೆ ಸೆಕ್ಟರಿನ (ಡಿಸ್ಕು ಒಮ್ಮೆಗೆ ಬರೆಯುವ 4096 ಬೈಟಿನ ತುಂಡಿನ) ಲೆಕ್ಕ, ಕಟ್ಟಿದ ಮೇಲೆ ಬದಲಾಯಿಸಲಾಗದು. ಕಂಪ್ರೆಷನ್‌ಗೆ ಎಲ್‌ಝಡ್4, ದೊಡ್ಡ ವಿಡಿಯೋಗಳಿಗೆ ರೆಕಾರ್ಡ್‌ಸೈಜ್ 1 ಎಂಬಿ. ಒಂದೇ ಥರದ ಬ್ಲಾಕನ್ನು ಒಮ್ಮೆ ಮಾತ್ರ ಇಡುವ ಡಿಡ್ಯೂಪ್ ಅನ್ನುವ ಆಕರ್ಷಕ ಸ್ವಿಚ್ಚನ್ನು ಮುಟ್ಟಬೇಡಿ, ಅದು ರ್‍ಯಾಮನ್ನು ನುಂಗಿ ನೀರು ಕುಡಿಯುತ್ತದೆ, ಮದುವೆ ವಿಡಿಯೋಗಳಲ್ಲಿ ಒಂದೇ ಥರದ ಬ್ಲಾಕು ಸಿಗುವುದೂ ಇಲ್ಲ. (ಹಾಡು ಎಲ್ಲದಕ್ಕೂ ಒಂದೇ ಇರಬಹುದು, ಅದು ಬೇರೆ ವಿಷಯ.) ಟಿಬಿಗೆ ಒಂದು ಜಿಬಿ ರ್‍ಯಾಮ್ ಇರಲೇಬೇಕೆಂಬ ಮಾತಿಗೆ ಹೆದರಬೇಕಿಲ್ಲ, ಈ ಗಾತ್ರಕ್ಕೆ 8 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ.

ಈಗ ಅಸಲಿ ಅವಘಡ. ಮೊದಲು ಒಂದೇ ಡಿಸ್ಕು ಹಾಕಿ, ಮುಂದಿನ ತಿಂಗಳು ದುಡ್ಡಾದಾಗ ಎರಡನೆಯದು ತಂದು ಮಿರರ್ ಮಾಡುವವರು ಬಹಳ. ಆಗ ಕೊಡಬೇಕಾದ ಕಮಾಂಡು ಅಟ್ಯಾಚ್, ಅಂದರೆ ಇರುವ ಡಿಸ್ಕಿಗೆ ಜೋಡಿ ಮಾಡು. ಆತುರದಲ್ಲಿ ಆ್ಯಡ್ ಅಂತ ಒತ್ತಿದರೆ ಒಂಟಿ ಡಿಸ್ಕಿನ ಪೂಲು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಜಾಗ ಇಮ್ಮಡಿ ಕಾಣುತ್ತದೆ, ಎಲ್ಲರಿಗೂ ಸಂತೋಷ. ಎರಡರಲ್ಲಿ ಯಾವುದು ಸತ್ತರೂ ಇಡೀ ಪೂಲು ಹೋಗುತ್ತದೆ ಅನ್ನುವುದೊಂದೇ ಕೊರತೆ. ಲಿನಕ್ಸ್‌ನ ಝಡ್‌ಎಫ್‌ಎಸ್‌ನಲ್ಲಿ 2019ರ 0.8 ಆವೃತ್ತಿಯಿಂದೀಚೆಗೆ ಝಡ್‌ಪೂಲ್ ರಿಮೂವ್ ಕೊಟ್ಟು ಇಂಥದ್ದನ್ನು ಬಿಡಿಸಿಕೊಳ್ಳಬಹುದು. ಅದಕ್ಕೆ ಮುಂಚೆ ದೇವರೇ ಗತಿಯಾಗಿತ್ತು.

ಸ್ನ್ಯಾಪ್‌ಶಾಟ್ (ಆ ಹೊತ್ತಿನ ಫೈಲುಗಳ ಸ್ಥಿತಿಯನ್ನು ಹಿಡಿದಿಡುವುದು) ದಿನಾ ರಾತ್ರಿ ತಾನಾಗಿ ಆಗಲಿ, 30 ದಿನದ್ದು, 12 ತಿಂಗಳದ್ದು ಉಳಿಸಿಕೊಂಡರೆ ಧಾರಾಳ. ಹುಡುಗ ಇಡೀ ಫೋಲ್ಡರ್ ಅಳಿಸಿದರೂ, ಎಡಿಟಿಂಗ್ ಕಂಪ್ಯೂಟರಿಗೆ ವೈರಸ್ ಬಂದು ಎಲ್ಲಕ್ಕೂ ಬೀಗ ಹಾಕಿದರೂ ನಿನ್ನೆಯದು ಸಿಗುತ್ತದೆ, ಆ ಕಂಪ್ಯೂಟರಿನಲ್ಲಿ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಇಟ್ಟಿರದಿದ್ದರೆ.

"ಅಣ್ಣ, 600 ಜಿಬಿ ಅಳಿಸ್ದೆ, ಒಂದ್ ಜಿಬೀನೂ ಖಾಲಿ ಆಗಿಲ್ವಲ್ಲ?"

"ಸ್ನ್ಯಾಪ್‌ಶಾಟ್ ಹಿಡ್ಕಂಡದೆ ಕಣಪ್ಪ. ಅದು ಹೋಗೋವರ್ಗೂ ಜಾಗ ಬರಾಕಿಲ್ಲ."

ಆದ್ದರಿಂದ ಪೂಲು 80% ದಾಟುವ ಮೊದಲೇ ಮುಂದಿನ ಡಿಸ್ಕಿನ ದುಡ್ಡು ತೆಗೆದಿಡಿ, ಪೂರ್ತಿ ತುಂಬಿದ ಪೂಲು ಕುಂಟುತ್ತದೆ.

ಲಿನಕ್ಸ್‌ನ ಇನ್ನೊಂದು ಫೈಲ್ ಸಿಸ್ಟಮ್ ಬಿಟಿಆರ್‌ಎಫ್‌ಎಸ್‌ನಲ್ಲೂ ಚೆಕ್‌ಸಮ್, ಸ್ನ್ಯಾಪ್‌ಶಾಟ್ ಎರಡೂ ಉಂಟು, ಕರ್ನೆಲ್‌ನೊಳಗೇ ಇದೆ. ಎರಡು ಡಿಸ್ಕಿನ ಮಿರರ್‌ಗೆ ಬಳಸಿ, ತೊಂದರೆಯಿಲ್ಲ. ಡೇಟಾವನ್ನು ಹಲವು ಡಿಸ್ಕಿಗೆ ಹಂಚಿಡುವ ಅದರ ರೇಡ್ 5, 6 ಮಾತ್ರ ಬೇಡ. ಬೇಡವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಡಿಸ್ಕು ಕೊಳ್ಳುವಾಗ ಡೇಟಾಶೀಟಿನಲ್ಲಿ ಸಿಎಂಆರ್ (ಸಾಲುಗಳನ್ನು ಪಕ್ಕಪಕ್ಕ ಬರೆಯುವ ಬಗೆ) ಅಂತ ಇದೆಯೇ ನೋಡಿ. ಸಾಲಿನ ಮೇಲೆ ಸಾಲು ಹೆಂಚಿನಂತೆ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕು ಅಗ್ಗ, ಆದರೆ ಸತ್ತ ಜೋಡಿಯ ಜಾಗಕ್ಕೆ ಅದನ್ನು ಹಾಕಿ ಮಿರರ್ ಮತ್ತೆ ಕಟ್ಟಲು ಹೋದರೆ ದಿನಗಟ್ಟಲೆ ಎಳೆಯುತ್ತದೆ. ಯುಎಸ್‌ಬಿ ಡಬ್ಬಿಗಿಂತ ನೇರ ಸಾಟಾ ಕೇಬಲ್ ವಾಸಿ. ಮನೆಯ ಇನ್ವರ್ಟರಿಗೇ ಸರ್ವರ್ ಚುಚ್ಚುವುದಾದರೆ ಅದರ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ, ನಾರ್ಮಲ್ ಮೋಡ್‌ನಲ್ಲಿದ್ದರೆ ಬದಲಾಗುವಷ್ಟರಲ್ಲಿ ಸರ್ವರ್ ಆರಿಹೋಗಬಹುದು.

ಪರವಾನಗಿ ತಕರಾರಿನಿಂದ ಝಡ್‌ಎಫ್‌ಎಸ್ ಲಿನಕ್ಸ್ ಕರ್ನೆಲ್‌ನ ಹೊರಗೇ ಉಳಿದಿದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಕರ್ನೆಲ್ ಅಪ್‌ಡೇಟ್ ಆದಾಗ ಅದರ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಝಡ್‌ಎಫ್‌ಎಸ್‌ನ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸುವ ತುಂಡು) ತಯಾರಾಗುವುದಿಲ್ಲ, ಬೆಳಿಗ್ಗೆ ನೋಡಿದರೆ ಪೂಲೇ ಇಲ್ಲ. ಆಗ ಡಿಸ್ಕು ಬಿಚ್ಚಿ ಒರೆಸಿ ಊದುವುದು ಬೇಡ. ಹೆಡರ್ ಹಾಕಿ, ಮಾಡ್ಯೂಲ್ ಕಟ್ಟಿಸಿ, ಝಡ್‌ಪೂಲ್ ಇಂಪೋರ್ಟ್ ಕೊಟ್ಟರೆ ಎಲ್ಲ ಇದ್ದಲ್ಲೇ ಇರುತ್ತದೆ.

ಮಿರರ್ ಇದ್ದರೂ ಎರಡೂ ಡಿಸ್ಕು ಒಂದೇ ಡಬ್ಬದಲ್ಲಿವೆ, ಕಳ್ಳ ಬಂದರೆ ಒಂದೊಂದಾಗಿ ಒಯ್ಯುವುದಿಲ್ಲ. ಮೂರನೆಯ ಪ್ರತಿ ಮಂಡ್ಯದ ಚಿಕ್ಕಪ್ಪನ ಮನೆ ಬೀರುವಿನಲ್ಲಿರಲಿ, ಬಸ್ಸಿನಲ್ಲಿ ಹೋಗಿ ಬರುವ ದೂರ. ಸ್ನ್ಯಾಪ್‌ಶಾಟನ್ನು ಇನ್ನೊಂದು ಡಿಸ್ಕಿಗೆ ಕಳಿಸುವ ಝಡ್‌ಎಫ್‌ಎಸ್ ಸೆಂಡ್‌ನಿಂದ ತುಂಬಿಸಿ, ಕೇಬಲ್ ಕೀಳುವ ಮೊದಲು ಎಕ್ಸ್‌ಪೋರ್ಟ್ ಕೊಡಿ. ಇಲ್ಲವಾದರೆ ಇನ್ನೊಂದು ಯಂತ್ರದಲ್ಲಿ "ಈ ಪೂಲು ಬೇರೆಯವರ ಬಳಕೆಯಲ್ಲಿದೆಯೋ ಏನೋ" ಎಂದು ತಗಾದೆ ತೆಗೆಯುತ್ತದೆ. ಡಿಸ್ಕಿನ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿ: "ಸಿನಿಮಾ ಇಲ್ಲ. ಟಿವಿಗೆ ಚುಚ್ಚಬೇಡಿ. ಫಾರ್ಮ್ಯಾಟ್ ಮಾಡಲೇ ಅಂತ ಕಂಪ್ಯೂಟರ್ ಕೇಳಿದರೆ ಹೂಂ ಅನ್ನಬೇಡಿ."