ಸ್ಕಾಟ್ಲೆಂಡ್‌ನಲ್ಲಿ ಕರೋನರ್ ಎಲ್ಲಿಂದ ಬಂದ?

ಸ್ಕಾಟ್ಲೆಂಡ್‌ನ ಹಳ್ಳಿ ಕಾನ್‌ಸ್ಟೇಬಲ್ ಒಬ್ಬನೇ ಕೊಲೆ ಭೇದಿಸಿ ಕರೋನರ್‌ಗೆ, ಅಂದರೆ ಅನುಮಾನಾಸ್ಪದ ಸಾವಿನ ವಿಚಾರಣೆ ನಡೆಸುವ ಅಧಿಕಾರಿಗೆ, ವರದಿ ಒಪ್ಪಿಸುವ ಪತ್ತೇದಾರಿ ಕಥೆಗಳನ್ನು ಒಂದು ಲೇಖನ ಮೆಚ್ಚಿಕೊಂಡಿದೆ. ಓದೋಕೆ ಚೆಂದ, ಆದರೆ ಕರೋನರ್ ಇರೋದು ಇಂಗ್ಲೆಂಡ್ ಕಡೆ. ಸ್ಕಾಟ್ಲೆಂಡ್‌ನಲ್ಲಿ ಅನುಮಾನಾಸ್ಪದ ಸಾವಿನ ತನಿಖೆ ಪ್ರೊಕ್ಯುರೇಟರ್ ಫಿಸ್ಕಲ್ ಅನ್ನೋ ಸರ್ಕಾರಿ ಅಭಿಯೋಜಕರ ಕೈಯಲ್ಲಿ. ಪೊಲೀಸರು ಅವರ ಸೂಚನೆಯಂತೆ ನಡೀಬೇಕು. 2013ರಲ್ಲಿ ಅಲ್ಲಿನ ಎಂಟು ಪೊಲೀಸ್ ಪಡೆಗಳು ಸೇರಿ ಪೊಲೀಸ್ ಸ್ಕಾಟ್ಲೆಂಡ್ ಆದಮೇಲಂತೂ ಕೊಲೆ ಅಂದರೆ ವಿಶೇಷ ತಂಡ ಬಂದೇ ಬರುತ್ತೆ.

ಹಾಗಂತ ಹಳ್ಳಿಯವನ ಕೆಲಸ ಸಣ್ಣದಲ್ಲ. ಸ್ಕಾಟ್ಲೆಂಡ್‌ನ ಬೆಟ್ಟಗುಡ್ಡದ ಪ್ರದೇಶವಾದ ಹೈಲ್ಯಾಂಡ್ಸ್‌ನ ಮೂಲೆಗೆ ತಂಡ ತಲುಪೋಕೆ ಗಂಟೆಗಟ್ಟಲೆ ಹಿಡಿಯುತ್ತೆ. ಅಷ್ಟರಲ್ಲಿ ಜೀವ ಇದೆಯಾ ನೋಡಿ, ಶವದ ಹತ್ತಿರ ಹೋಗಿಬರೋಕೆ ಒಂದೇ ದಾರಿ ಗುರುತಿಸಿ, ಟೇಪ್ ಕಟ್ಟಿ, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಅಂತ ಬರೆದಿಡಬೇಕು. ಆ ದಾರಿ ಕೊಲೆಗಾರ ಓಡಾಡಿರಬಹುದಾದ ಕಾಲುದಾರಿ ಆಗಿರಬಾರದು, ಎಡವೋದು ಇಲ್ಲೇ. ಕೆಸರಲ್ಲಿ ಮೂಡಿದ ಬೂಟಿನ ಗುರುತು ಒಂದು ಮಳೆಗೆ ಅಳಿಸಿಹೋಗುತ್ತೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿಂದ ಫೋಟೊ ತೆಗೆದು, ಆಮೇಲೆ ಅದರ ಮೇಲೆ ಬಕೆಟ್ ಬೋರಲು ಹಾಕಬೇಕು. ಕುರಿಗಳನ್ನೂ ಅಟ್ಟಬೇಕು ಬಿಡಿ!

ಇನ್ನು ಕಥೆಯ ಕೊನೆಯ ತಪ್ಪೊಪ್ಪಿಗೆ. ಅಲ್ಲಿನ ಕಾನೂನಿಗೆ ಅದೊಂದೇ ಸಾಲದು, ಅದನ್ನು ಪುಷ್ಟೀಕರಿಸುವ ಬೇರೆ ಸಾಕ್ಷ್ಯವೂ ಬೇಕು. ಕೊಲೆಯ ಶವಪರೀಕ್ಷೆಯನ್ನು ಇಬ್ಬರು ವೈದ್ಯರು ಸೇರಿ ಮಾಡೋದೂ ಒಬ್ಬರ ಸಾಕ್ಷ್ಯವನ್ನು ಇನ್ನೊಬ್ಬರು ಪುಷ್ಟೀಕರಿಸಲಿ ಅಂತಲೇ.